ಕಾಕ್‌ಪಿಟ್ ಒಳಗಿನ ಕ್ಯಾಮೆರಾ ಎಲ್ಲಿಡಬೇಕು?

ಮೈಸೂರು, ಮಂಡ್ಯ ಕಡೆ ಡಿಸಿಎಸ್ ಎಂಬ ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಗೇಮ್ ಆಡುವವರು ಡಾಗ್‌ಫೈಟ್ (ವಿಮಾನಗಳ ಕಾದಾಟದ) ವಿಡಿಯೊ ಕಳಿಸಿದಾಗಲೆಲ್ಲ ಬಹುತೇಕ ಎಫ್2 ಕೀ ಒತ್ತಿದರೆ ಬರುವ ಹೊರಗಿನ ನೋಟವೇ ಇರುತ್ತದೆ. ಒಳಗಿನ ನೋಟಕ್ಕೆ ಅದರದೇ ಸೊಗಸಿದೆ, ಬಿಡಬೇಡಿ.

ಮಿಷನ್ ಮುಗಿದ ಕೂಡಲೇ ಡಿಬ್ರೀಫಿಂಗ್ ಪರದೆಯಲ್ಲಿ ಟ್ರ್ಯಾಕ್ (ಹಾರಾಟದ ದಾಖಲೆ) ಸೇವ್ ಮಾಡಿ. ರೀಪ್ಲೇ ಶುರುವಾದ ಮೇಲೆ ಎಫ್1 ಒತ್ತಿ ಒಳಗಿನ ನೋಟಕ್ಕೆ ಬನ್ನಿ. ಬಲಗಡೆಯ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ನಂಬರ್‌ಪ್ಯಾಡಿನ 4, 6 ಒತ್ತಿದರೆ ತಲೆ ಪಕ್ಕಕ್ಕೆ ಸರಿಯುತ್ತದೆ. 8, 2 ಒತ್ತಿದರೆ ಮೇಲೆ, ಕೆಳಗೆ. ಭುಜದ ಹಿಂದಿನಿಂದ ನೋಡುವ ಕೋನ ನನಗೆ ಬಹಳ ಇಷ್ಟ. ಬಲ ಶಿಫ್ಟ್ ಜೊತೆ ಪಿ ಒತ್ತಿ ಪೈಲಟ್ ದೇಹ ತೋರಿಸಿದರೆ ಸ್ಟಿಕ್ ಹಿಡಿದ ಕೈಯೂ ಕಾಣುತ್ತದೆ.

ಆದರೆ ಹಾರ್ನೆಟ್ ಯುದ್ಧವಿಮಾನದಲ್ಲಿ ತಲೆಯನ್ನು ಅತಿಯಾಗಿ ಪಕ್ಕಕ್ಕೆ ಸರಿಸಿದರೆ ಹಡ್‌ನ (ಪೈಲಟ್ ಕಣ್ಣೆದುರಿನ ಗಾಜಿನಲ್ಲಿ ಮಾಹಿತಿ ತೋರಿಸುವ ಸಾಧನದ) ಹಸಿರು ಗೆರೆಗಳು ಗಾಜಿನ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ಅದು ದೋಷವಲ್ಲ. ಆ ಚಿತ್ರ ದೂರದಲ್ಲಿ ಫೋಕಸ್ ಆಗುವಂಥದ್ದು, ಕಣ್ಣು ಸರಿಯಾದ ಜಾಗದಲ್ಲಿದ್ದರಷ್ಟೇ ಪೂರ್ತಿ ಕಾಣುತ್ತದೆ. ಹಡ್ ಬೇಕಿದ್ದರೆ ಮಧ್ಯದಲ್ಲೇ ಇರಿ. ಜೂಮ್ ತುಂಬ ಅಗಲ ಮಾಡಿದರೆ ಕನ್ನಡಿಗಳು ಅಂಚಿಗೆ ಎಳೆದಂತಾಗುತ್ತವೆ, ಎದುರಾಳಿ ವಿಮಾನ ಚುಕ್ಕಿಯಾಗಿಬಿಡುತ್ತದೆ.

ಇನ್ನೊಂದು ಮಾತು: ಟ್ರ್ಯಾಕ್ ಎಂದರೆ ವಿಡಿಯೊ ಅಲ್ಲ. ನಿಮ್ಮ ಸ್ಟಿಕ್ ಚಲನೆಗಳನ್ನು ಇಟ್ಟುಕೊಂಡು ಹಾರಾಟವನ್ನು ಮತ್ತೆ ಲೆಕ್ಕ ಹಾಕುತ್ತದೆ. ಹಾಗಾಗಿ ಉದ್ದದ ಮಿಷನ್‌ಗಳಲ್ಲಿ ರೀಪ್ಲೇ ದಾರಿ ತಪ್ಪಿ, ನೀವು ಹೊಡೆದುರುಳಿಸಿದ ವಿಮಾನ ಆರಾಮಾಗಿ ಹಾರುತ್ತಿರಬಹುದು. ಗೇಮ್ ಅಪ್‌ಡೇಟ್ ಆದರೆ ಹಳೆಯ ಟ್ರ್ಯಾಕ್ ಕೆಡುವುದೂ ಉಂಟು. ಅಪ್‌ಡೇಟ್‌ಗೆ ಮುಂಚೆಯೇ ವಿಡಿಯೊ ರೆಕಾರ್ಡ್ ಮಾಡಿಟ್ಟುಕೊಳ್ಳಿ.