ಆ 250 ಪದಗಳಲ್ಲಿ ನಾನೆಲ್ಲಿದ್ದೆ: ವೀಸಾ ವಿಭಾಗದ ಕೆಲಸಕ್ಕೆ ಅರ್ಜಿ ಹಾಕಿದ ಅನುಭವ

ಮೊದಲ ಸಲ ಅರ್ಜಿ ಹಾಕಿದಾಗ ನನಗೆ ಬಂದದ್ದು 7ಕ್ಕೆ 3 ಅಂಕ. ಮುಂದಕ್ಕೆ ಹೋಗಲು ಕನಿಷ್ಠ 4 ಬೇಕಿತ್ತು. ಹುದ್ದೆ ಬ್ರಿಟನ್ ಸರ್ಕಾರದ ಹೋಮ್ ಆಫೀಸಿನದು, ಅಂದರೆ ಇಲ್ಲಿನ ಗೃಹ ಇಲಾಖೆಯದು. ಅದರೊಳಗಿನ ಯುಕೆ ವೀಸಾಸ್ ಅಂಡ್ ಇಮಿಗ್ರೇಷನ್ ವಿಭಾಗದಲ್ಲಿ, ಶೆಫೀಲ್ಡ್‌ನಲ್ಲಿ ಕೂತು, ಹೊರದೇಶಗಳಿಂದ ಬಂದ ವೀಸಾ ಅರ್ಜಿಗಳನ್ನು ಓದಿ ಕೊಡಬೇಕೋ ಬೇಡವೋ ಎಂದು ತೀರ್ಮಾನ ಬರೆಯುವ ಕೆಲಸ. ದರ್ಜೆ ಎಕ್ಸಿಕ್ಯೂಟಿವ್ ಆಫೀಸರ್. ಹಾಸನದ ಕಡೆ ಒಂದು ಸಹಕಾರ ಬ್ಯಾಂಕಿನಲ್ಲಿ ಆರು ವರ್ಷ ಬೆಳೆ ಸಾಲದ ಅರ್ಜಿ ನೋಡಿದವಳು ನಾನು. ಕಾಗದ ಪತ್ರ ಓದಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ಹೇಳುವುದೇ ನನ್ನ ಕಸುಬಾಗಿತ್ತು. ನನಗೇ ಹೇಳಿ ಮಾಡಿಸಿದ ಕೆಲಸ ಇದು ಅಂದುಕೊಂಡು ಅರ್ಜಿ ಹಾಕಿದ್ದೆ. ಆ 3 ನೋಡಿದ ಮೇಲೆ ಎರಡು ದಿನ ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಗಂಡನದೋ ಹೆಂಡತಿಯದೋ ವೀಸಾ ಮೇಲೆ ಇಲ್ಲಿಗೆ ಬಂದು, ಓದಿಗೂ ಮಾಡುವ ಕೆಲಸಕ್ಕೂ ಸಂಬಂಧವೇ ಇಲ್ಲದೆ ದಿನ ದೂಡುತ್ತಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬ್ರಿಟನ್ನಿನ ಸಿವಿಲ್ ಸರ್ವಿಸ್ ಕೆಲಸಕ್ಕೆ, ಅಂದರೆ ಇಲ್ಲಿನ ಸರ್ಕಾರಿ ಇಲಾಖೆಗಳ ನೌಕರಿಗೆ, ಬ್ರಿಟಿಷ್ ಪಾಸ್‌ಪೋರ್ಟ್ ಇರಲೇಬೇಕು ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ. ಕೆಲವು ಹುದ್ದೆಗಳನ್ನು ಬ್ರಿಟಿಷ್ ಪ್ರಜೆಗಳಿಗೇ ಕಾದಿರಿಸಿದ್ದಾರೆ ನಿಜ, ಆದರೆ ಉಳಿದವು ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ತೆರೆದಿವೆ. ಭಾರತ ಆ ಪಟ್ಟಿಯಲ್ಲಿದೆ. ಇಲ್ಲಿ ಕೆಲಸ ಮಾಡುವ ಹಕ್ಕು ಮೊದಲೇ ಇರಬೇಕು, ಅಷ್ಟೇ. ನಾನು ನೋಡಿದ ಜಾಹೀರಾತುಗಳಲ್ಲಿ ಸ್ಪಾನ್ಸರ್‌ಶಿಪ್, ಅಂದರೆ ಕೆಲಸ ಕೊಡುವವರೇ ವೀಸಾಕ್ಕೆ ಹೊಣೆ ನಿಲ್ಲುವುದು, ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಜೊತೆಗೆ ಭದ್ರತಾ ತಪಾಸಣೆಗಾಗಿ ಇಷ್ಟು ವರ್ಷ ಈ ದೇಶದಲ್ಲಿ ವಾಸವಿರಬೇಕು ಎಂಬ ಷರತ್ತೂ ಇರುತ್ತದೆ. ನನ್ನದರಲ್ಲಿ ಐದು ವರ್ಷ ಕೇಳಿದ್ದರು. ಹಾಗಾಗಿ ಊರಿನಿಂದ ನೇರವಾಗಿ ಅರ್ಜಿ ಹಾಕುವ ಆಲೋಚನೆ ಬೇಡ. ಇಲ್ಲಿ ನೆಲೆ ನಿಂತವರಿಗೆ ಮಾತ್ರ ಈ ದಾರಿ.

ಅರ್ಜಿ ತುಂಬುವುದು ಸಿವಿಲ್ ಸರ್ವಿಸ್ ಜಾಬ್ಸ್ ಎಂಬ ಸರ್ಕಾರಿ ತಾಣದಲ್ಲಿ. ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ಬರವಣಿಗೆ. ನಿಮ್ಮ ಹೆಸರು, ವಯಸ್ಸು ಯಾವುದೂ ಅಂಕ ಹಾಕುವವರಿಗೆ ಕಾಣುವುದಿಲ್ಲ. ಅವರ ಮುಂದಿರುವುದು ನೀವು ಬರೆದದ್ದು ಮಾತ್ರ. ಬಿಹೇವಿಯರ್ ಎಂದು ಕರೆಯುವ ಒಂಬತ್ತು ಗುಣಗಳ ಪಟ್ಟಿ ಅವರಲ್ಲಿದೆ, ಅದರಲ್ಲಿ ಎರಡೋ ಮೂರೋ ಆರಿಸಿ ಕೇಳುತ್ತಾರೆ. ತೀರ್ಮಾನ ತೆಗೆದುಕೊಳ್ಳುವುದು ಒಂದು, ಹೇಳಿದ ಹೊತ್ತಿಗೆ ಕೆಲಸ ಮುಗಿಸುವುದು ಇನ್ನೊಂದು, ಹೀಗೆ. ಒಂದೊಂದಕ್ಕೂ ನಿಮ್ಮ ಬದುಕಿನಲ್ಲಿ ನಿಜವಾಗಿ ನಡೆದ ಒಂದು ಪ್ರಸಂಗವನ್ನು 250 ಪದಗಳಲ್ಲಿ ಬರೆಯಬೇಕು. ಅದಕ್ಕೆ 1ರಿಂದ 7ರವರೆಗೆ ಅಂಕ. ಈ ಹಂತಕ್ಕೆ ಸಿಫ್ಟ್ ಅನ್ನುತ್ತಾರೆ. ನಮ್ಮ ಜರಡಿ ಹಿಡಿಯುವುದೇ.

ನಾನು ಬರೆದದ್ದು ಬ್ಯಾಂಕಿನ ಒಂದು ಪ್ರಸಂಗ. ಮುಂಗಾರು ಸಾಲಕ್ಕೆ ಕೊನೆಯ ದಿನ ಹತ್ತಿರ ಬಂದಿತ್ತು. ಒಬ್ಬ ರೈತರ ಪಹಣಿಯಲ್ಲಿ ಹೆಸರಿನ ಕೊನೆಗೆ ಗೌಡ ಇತ್ತು, ಆಧಾರ್‌ನಲ್ಲಿ ಇರಲಿಲ್ಲ, ಇನಿಷಿಯಲ್ ಬೇರೆ ಹಿಂದುಮುಂದಾಗಿತ್ತು. ಮ್ಯಾನೇಜರು ಮುಂದಿನ ಹಂಗಾಮಿಗೆ ನೋಡೋಣ ಅಂದಿದ್ದರು. ಕೊನೆಗೆ ಸಾಲ ಮಂಜೂರಾಯಿತು. ಇದನ್ನು ನಾನು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಬರೆದಿದ್ದೆ: ನಾವು ದಾಖಲೆ ಪರಿಶೀಲಿಸಿದೆವು, ನಾವು ಮೇಲಿನವರ ಗಮನಕ್ಕೆ ತಂದೆವು, ನಮ್ಮ ತಂಡದ ಪ್ರಯತ್ನದಿಂದ ರೈತರಿಗೆ ಅನುಕೂಲವಾಯಿತು.

ಯುಗಾದಿಗೆ ಇಲ್ಲಿನ ಕನ್ನಡಿಗರೆಲ್ಲ ಸೇರಿದ್ದಾಗ ಮಂಡ್ಯದ ಕಡೆಯ ಹಿರಿಯರೊಬ್ಬರು ಸಿಕ್ಕಿದರು. ಇಲ್ಲಿನ ಬೇರೊಂದು ಸರ್ಕಾರಿ ಇಲಾಖೆಯಲ್ಲಿ ಬಹಳ ವರ್ಷ ಇದ್ದು ನಿವೃತ್ತರಾದವರು. ಬರೆದದ್ದನ್ನು ಪ್ರಿಂಟ್ ತೆಗೆದು ತೋರಿಸಿದೆ. ಅವರು ಓದುವ ಮೊದಲೇ ಪೆನ್ನು ತೆಗೆದು, 'ವೀ' ಎಂಬ ಪದ ಬಂದಲ್ಲೆಲ್ಲ ಸೊನ್ನೆ ಸುತ್ತಿದರು. ಹನ್ನೊಂದು ಸೊನ್ನೆ ಆದವು. ಹಾಳೆ ನನ್ನ ಕಡೆ ತಿರುಗಿಸಿ ಕೇಳಿದರು, "ಇದರಲ್ಲಿ ನೀನೆಲ್ಲಿದ್ದೀಯಮ್ಮ?"

"ನಾನೇ ಅಂಕಲ್, ಎಲ್ಲಾ ಮಾಡಿದ್ದು ನಾನೇ" ಅಂದೆ.

"ಹಾಗಂತ ಎಲ್ಲಿ ಬರೆದಿದ್ದೀಯ?"

ನಮಗೆ 'ನಾನು ಮಾಡಿದೆ' ಅನ್ನುವುದಕ್ಕೆ ಬಾಯಿ ಬರುವುದಿಲ್ಲ. ಒಬ್ಬಳೇ ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ ಕೆಲಸಕ್ಕೂ 'ನಾವೆಲ್ಲ ಸೇರಿ ಮಾಡಿದ್ವಿ' ಅನ್ನುವುದು ಮರ್ಯಾದೆ. ಮನೆಯಲ್ಲಿ ಅದು ಒಳ್ಳೆಯ ಗುಣವೇ, ನಾನು ಅದನ್ನು ಬಿಡುವವಳಲ್ಲ. ಆದರೆ ಆ ಹಾಳೆ ಓದುವವರಿಗೆ ಬೇಕಿರುವುದು ನಮ್ಮ ಬ್ಯಾಂಕು ಎಂಥದ್ದು ಅನ್ನುವುದಲ್ಲ. ಈ ವ್ಯಕ್ತಿ ಏನು ನೋಡಿದಳು, ಏನು ಯೋಚಿಸಿದಳು, ಯಾಕೆ ಹಾಗೆ ಮಾಡಿದಳು ಎಂಬುದು ಬೇಕು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಬರೀ ಉತ್ತರ ಬರೆದಿಟ್ಟರೆ ಪೂರ್ತಿ ಅಂಕ ಸಿಗುತ್ತಿರಲಿಲ್ಲವಲ್ಲ, ಸ್ಟೆಪ್ಸ್‌ಗೇ ಅಂಕ. ಇಲ್ಲೂ ಅಷ್ಟೇ.

ಅದೇ ಪ್ರಸಂಗವನ್ನು ಮತ್ತೆ ಬರೆದೆ. ಹೆಸರು ಹೊಂದುತ್ತಿಲ್ಲ ಎಂದು ಗೊತ್ತಾದಾಗ ನಾನು ಮೊದಲು ಸರ್ವೆ ನಂಬರ್ ಹಿಡಿದು ಹಳೆಯ ಸಾಲದ ಲೆಡ್ಜರ್ ತೆಗೆದೆ. ಅಲ್ಲಿನ ಸಹಿಯನ್ನೂ ಈಗಿನ ಸಹಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮ್ಯುಟೇಷನ್ ನಕಲು ತರಿಸಿ ತಂದೆಯಿಂದ ಮಗನಿಗೆ ಖಾತೆ ಬಂದದ್ದನ್ನು ಖಚಿತ ಮಾಡಿಕೊಂಡೆ. ಗ್ರಾಮ ಲೆಕ್ಕಿಗರಿಗೆ ಫೋನ್ ಮಾಡಿ ಆ ಊರಲ್ಲಿ ಅದೇ ಹೆಸರಿನ ಇನ್ನೊಬ್ಬರು ಇದ್ದಾರೆಯೇ ಎಂದು ಕೇಳಿದೆ. ಅಫಿಡವಿಟ್ ಪಡೆದೆ. ಬೇಡ ಅಂದಿದ್ದ ಮ್ಯಾನೇಜರಿಗೆ ಅರ್ಧ ಪುಟದ ಟಿಪ್ಪಣಿ ಬರೆದೆ: ಸಾಲ ಕೊಟ್ಟರೆ ಅಪಾಯ ಇಷ್ಟು, ಕೊಡದಿದ್ದರೆ ಈ ಮನುಷ್ಯ ಬಿತ್ತನೆಗೆ ಕೈಸಾಲಕ್ಕೆ ಹೋಗುತ್ತಾರೆ. ಒಂದು ವಾಕ್ಯವೂ ಹೊಸದಾಗಿ ಕಟ್ಟಿದ್ದಲ್ಲ. ಮೊದಲ ಬರಹದಲ್ಲಿ ಇದ್ಯಾವುದೂ ಇರಲಿಲ್ಲ, ಅಷ್ಟೇ. ಮರುವರ್ಷ ಮತ್ತೆ ಜಾಹೀರಾತು ಬಂದಾಗ ಅದಕ್ಕೆ 5 ಬಂತು.

ಈಗ ಎಐ ಕೈಯಲ್ಲಿ ಬರೆಸುವವರು ಬಹಳ. ಸಹಾಯ ಪಡೆಯಬೇಡಿ ಎಂದು ಸಿವಿಲ್ ಸರ್ವಿಸ್‌ನವರೂ ಹೇಳುವುದಿಲ್ಲ, ಆದರೆ ಪ್ರಸಂಗ ನಿಮ್ಮದೇ ಆಗಿರಬೇಕು, ನಿಜವಾಗಿರಬೇಕು ಅನ್ನುತ್ತಾರೆ. ಬೇರೆಯವರದನ್ನು ಎತ್ತಿ ಬರೆದದ್ದು ಗೊತ್ತಾದರೆ ಅರ್ಜಿಯೇ ರದ್ದಾಗಬಹುದು. ಅದೂ ಅಲ್ಲದೆ, ಸಂದರ್ಶನದಲ್ಲಿ ಆ ಲೆಡ್ಜರ್ ಯಾವ ಬಣ್ಣದ್ದಿತ್ತು ಎನ್ನುವಷ್ಟು ಹತ್ತಿರಕ್ಕೆ ಬಂದು ಕೇಳುತ್ತಾರೆ.

ಸಂದರ್ಶನಕ್ಕೆ ಮೊದಲು ನಾನು ಓದಿದ್ದರಲ್ಲಿ ನನ್ನನ್ನು ನಿಜಕ್ಕೂ ಅಲುಗಿಸಿದ್ದು ವಿಂಡ್‌ರಷ್ ಪ್ರಕರಣದ ವರದಿ. 1948ರಲ್ಲಿ ಎಂಪೈರ್ ವಿಂಡ್‌ರಷ್ ಎಂಬ ಹಡಗು ಕೆರಿಬಿಯನ್ ದ್ವೀಪಗಳ ಜನರನ್ನು ಇಂಗ್ಲೆಂಡಿಗೆ ಕರೆತಂದಿತು. ಹಾಗೆ 1973ಕ್ಕೆ ಮುಂಚೆ ಬಂದು ನೆಲೆಸಿದವರಿಗೆ ಇಲ್ಲಿರುವ ಹಕ್ಕು ಕಾನೂನಿನಲ್ಲೇ ಇತ್ತು, ಕೈಯಲ್ಲಿ ಕಾಗದ ಇರಲಿಲ್ಲ. ದಶಕಗಳ ನಂತರ ಇದೇ ಹೋಮ್ ಆಫೀಸು ಅವರಿಂದ ಪುರಾವೆ ಕೇಳಿತು. ಬಂದಿಳಿದ ದಿನದ ಲ್ಯಾಂಡಿಂಗ್ ಕಾರ್ಡುಗಳನ್ನು 2010ರಲ್ಲಿ ನಾಶ ಮಾಡಲಾಗಿತ್ತು. ಜನ ಕೆಲಸ ಕಳೆದುಕೊಂಡರು, ಚಿಕಿತ್ಸೆ ಸಿಗದೆ ಪರದಾಡಿದರು, ಕೆಲವರನ್ನು ದೇಶದಿಂದಲೇ ಕಳಿಸಿದರು. 2018ರಲ್ಲಿ ಇದು ಬಯಲಾಯಿತು. ಇದನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ವೆಂಡಿ ವಿಲಿಯಮ್ಸ್ ಅವರ ವಿಮರ್ಶಾ ವರದಿ 2020ರ ಮಾರ್ಚ್‌ನಲ್ಲಿ ಬಂತು. ಕಡತದ ಹಿಂದಿರುವ ಮನುಷ್ಯರ ಮುಖ ನೋಡಬೇಕು ಎಂಬ ಮಾತು ಇಲಾಖೆಯ ತರಬೇತಿಯೊಳಗೆ ಸೇರಿದ್ದು ಅದರ ನಂತರ. ವರದಿ ಓದುತ್ತಾ ನನಗೆ ಪಹಣಿಯ ಆ ರೈತರು ನೆನಪಾದರು. ಕಾಗದ ಇಲ್ಲ ಅನ್ನುವುದಕ್ಕೂ ಸುಳ್ಳು ಅನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಗೊತ್ತಿಲ್ಲದವರು ಈ ಕುರ್ಚಿಯಲ್ಲಿ ಕೂರಬಾರದು ಅನ್ನಿಸಿತು. ಈಗಲೂ ನನ್ನ ಅಭಿಪ್ರಾಯ ಅದೇ.

ಸಂದರ್ಶನ ವಿಡಿಯೋದಲ್ಲಿ ನಡೆಯಿತು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಎದುರಿಗೆ ಮೂವರು. ಯಾರೂ ನಗಲಿಲ್ಲ, ತಲೆಯಾಡಿಸಲಿಲ್ಲ, ತಲೆ ಬಗ್ಗಿಸಿಕೊಂಡು ಬರೆಯುತ್ತಲೇ ಇದ್ದರು. ನಾವು ಮಾತಾಡುವುದು ಎದುರಿನವರ ಹೂಂಗುಟ್ಟುವಿಕೆಯ ಆಸರೆಯಲ್ಲಿ. ಕೇಳುವವರು ಹೂಂ ಅನ್ನದಿದ್ದರೆ ಏನೋ ತಪ್ಪಾಯಿತು ಅನ್ನಿಸಿ ಮಾತು ಬದಲಿಸುತ್ತೇವೆ, ಇಲ್ಲವೇ ಅರ್ಧಕ್ಕೆ ನಿಲ್ಲಿಸುತ್ತೇವೆ. ಮೊದಲ ಪ್ರಶ್ನೆಯಲ್ಲಿ ನಾನೂ ನಿಲ್ಲಿಸಿಬಿಟ್ಟೆ. ಮೂವರಲ್ಲಿ ಒಬ್ಬರು, "ನಾವು ಬರೆದುಕೊಳ್ಳುತ್ತಿದ್ದೇವೆ, ನೀವು ಮುಂದುವರಿಸಿ" ಅಂದರು. ಆಗ ಹೊಳೆಯಿತು, ಅವರು ನನ್ನ ಮುಖಕ್ಕೆ ಅಂಕ ಹಾಕುತ್ತಿಲ್ಲ, ಮಾತಿಗೆ ಹಾಕುತ್ತಿದ್ದಾರೆ. ನಾನು ಹೇಳದೆ ಬಿಟ್ಟದ್ದು ಅವರ ಹಾಳೆಗೆ ಬರುವುದೇ ಇಲ್ಲ.

ಪ್ರಶ್ನೆಗಳು ಎರಡು ಬಗೆ. ಒಂದು ಬಗೆಯಲ್ಲಿ ಹಳೆಯ ಪ್ರಸಂಗ ಹೇಳಿಸಿ ಕೆದಕುತ್ತಾರೆ. ಮ್ಯಾನೇಜರು ಒಪ್ಪದೇ ಹೋಗಿದ್ದರೆ? ಕೈಯಲ್ಲಿ ಒಂದೇ ಗಂಟೆ ಇದ್ದಿದ್ದರೆ ಯಾವ ದಾಖಲೆ ಬಿಡುತ್ತಿದ್ದಿರಿ? ನಾನು ಅಫಿಡವಿಟ್ ಬಿಡುತ್ತಿದ್ದೆ, ಲೆಡ್ಜರ್ ಬಿಡುತ್ತಿರಲಿಲ್ಲ ಅಂದೆ. ಅಫಿಡವಿಟ್ ಈಗ ಮಾಡಿಸಿದ್ದು, ಸಾಲದ ಅಗತ್ಯ ಬಂದ ಮೇಲೆ. ಲೆಡ್ಜರ್ ಎಷ್ಟೋ ವರ್ಷದ ಹಿಂದೆ, ಈ ಪ್ರಶ್ನೆಯೇ ಹುಟ್ಟದಿದ್ದಾಗ ಬರೆದದ್ದು. ಇನ್ನೊಂದು ಬಗೆಗೆ ಸ್ಟ್ರೆಂತ್ ಪ್ರಶ್ನೆ ಅನ್ನುತ್ತಾರೆ. ಒಂದೇ ರೀತಿಯ ಕೆಲಸ ದಿನವಿಡೀ ಮಾಡುವುದು ನಿಮಗೆ ಹೇಗನ್ನಿಸುತ್ತದೆ ಎಂಬಂಥದ್ದು. ಇದಕ್ಕೆ ಉರು ಹೊಡೆದು ಹೋದರೆ ಕೆಡುತ್ತದೆ, ಮನಸ್ಸಿಗೆ ಬಂದದ್ದನ್ನು ಹೇಳಿಬಿಡಿ.

ನೇರವಾಗಿ ಕೆಲಸ ಸಿಗಲಿಲ್ಲ. ಪಾಸಾಗಿದ್ದೀರಿ, ಆದರೆ ಹುದ್ದೆಗಳು ತುಂಬಿವೆ, ರಿಸರ್ವ್ ಲಿಸ್ಟ್‌ನಲ್ಲಿ ಇಟ್ಟಿದ್ದೇವೆ ಎಂದು ಬಂತು. ಆ ಪಟ್ಟಿ 12 ತಿಂಗಳು ಊರ್ಜಿತದಲ್ಲಿತ್ತು. ಇದು ಸಮಾಧಾನಕ್ಕೆ ಹೇಳುವ ಮಾತು ಅಂದುಕೊಂಡು ಕೈಬಿಡಬೇಡಿ. ನನಗೆ ನಾಲ್ಕನೇ ತಿಂಗಳಲ್ಲಿ ಕರೆ ಬಂತು.

ಆಮೇಲೆ ಭದ್ರತಾ ತಪಾಸಣೆಯ ಫಾರಂ. ಹಳೆಯ ವಿಳಾಸಗಳು, ಕೆಲಸಗಳು, ತಂದೆ ತಾಯಿ ಹುಟ್ಟಿದ ದಿನ ಮತ್ತು ಊರು. ಅಮ್ಮನಿಗೆ ಫೋನ್ ಮಾಡಿದೆ.

"ನಾನು ಹುಟ್ಟಿದ್ದು ಕಾರಹುಣ್ಣಿಮೆ ಮಾರನೇ ದಿನ ಕಣೆ, ಬೆಳಗಿನ ಜಾವ. ನಿಮ್ಮಜ್ಜಿ ಹೇಳೋಳು."

"ಇಸವಿ ಅಮ್ಮ, ತಾರೀಕು?"

"ಸ್ಕೂಲಲ್ಲಿ ಒಂದು ಆರು ಅಂತ ಐತೆ. ಮೇಷ್ಟ್ರು ಬರ್ಕೊಂಡಿದ್ದು."

ಜೂನ್ ಒಂದು. ಅಪ್ಪನದೂ ಅದೇ, ಇಸವಿ ಬೇರೆ. ನಮ್ಮಲ್ಲಿ ಶಾಲೆ ಶುರುವಾಗುವುದು ಜೂನ್‌ನಲ್ಲಿ. ಹುಟ್ಟಿದ ದಿನ ಗೊತ್ತಿಲ್ಲದ ಮಗುವನ್ನು ಕರೆತಂದರೆ, ವಯಸ್ಸು ಲೆಕ್ಕಕ್ಕೆ ಹೊಂದಲಿ ಎಂದು ಮೇಷ್ಟರು ಆ ತಾರೀಕು ಬರೆದುಬಿಡುತ್ತಿದ್ದರು. ನಾನು ಫಾರಂನಲ್ಲಿ ದಾಖಲೆಯ ತಾರೀಕನ್ನೇ ಹಾಕಿ, ಅದು ಯಾಕೆ ಹಾಗಿದೆ ಎಂದು ಎರಡು ಸಾಲು ವಿವರಣೆ ಬರೆದೆ.

ಕೆಲಸದ ಸುದ್ದಿ ಊರಿಗೆ ಹೋದದ್ದೇ ತಡ, ಫೋನುಗಳು ಶುರುವಾದವು. "ಅಕ್ಕಾ, ನಮ್ ಹುಡುಗಂದು ಸ್ಟೂಡೆಂಟ್ ವೀಸಾ ಹಾಕಿದ್ದೀವಿ, ಸ್ವಲ್ಪ ನೋಡ್ಕೊಳ್ಳಿ." ಪ್ರೀತಿಯಿಂದಲೇ ಕೇಳುತ್ತಾರೆ, ತಪ್ಪು ತಿಳಿಯುವುದಿಲ್ಲ. ಆದರೆ ಇಲ್ಲೇ ಹೇಳಿಬಿಡುತ್ತೇನೆ: ಗೊತ್ತಿರುವವರ ಕಡತ ತೆರೆದು ನೋಡುವುದೂ ನನಗೆ ನಿಷಿದ್ಧ. ಅಕಸ್ಮಾತ್ ನನ್ನ ಮುಂದೆ ಬಂದರೆ ತಿಳಿಸಿ ಬೇರೆಯವರಿಗೆ ದಾಟಿಸಬೇಕು. ವೀಸಾ ಅರ್ಜಿ ಸ್ವೀಕರಿಸುವ ಖಾಸಗಿ ಸಂಸ್ಥೆ ವಿಎಫ್ಎಸ್‌ನ ಬೆಂಗಳೂರು ಕೇಂದ್ರದಲ್ಲಿ ಬೆರಳಚ್ಚು ತೆಗೆದುಕೊಳ್ಳುವವರಿಗೂ ತೀರ್ಮಾನ ಮಾಡುವ ಅಧಿಕಾರವಿಲ್ಲ, ಅವರನ್ನು ಕೇಳಿಯೂ ಪ್ರಯೋಜನವಿಲ್ಲ. ನಿಜವಾದ ಕಡತಗಳ ಬಗ್ಗೆ ಇಲ್ಲಿ ಒಂದಕ್ಷರವನ್ನೂ ಬರೆಯುವುದಿಲ್ಲ.

ತರಬೇತಿಯಲ್ಲಿ ಅಭ್ಯಾಸಕ್ಕೆಂದು ಕೊಟ್ಟ ಒಂದು ಮಾದರಿ ಅರ್ಜಿಯ ಬಗ್ಗೆ ಮಾತ್ರ ಹೇಳಬಹುದು. ಮಗನನ್ನು ನೋಡಲು ಬರುವ ವಯಸ್ಸಾದ ದಂಪತಿ, ಪ್ರವಾಸಿ ವೀಸಾ. ಇಬ್ಬರ ಜನ್ಮ ದಿನಾಂಕವೂ ಜೂನ್ 1. ನಮ್ಮ ಸಾಲಿನಲ್ಲಿದ್ದ ಒಬ್ಬ ಹುಡುಗ ಅದರ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ತಪ್ಪಲ್ಲ, ಯಾರಿಗಾದರೂ ಅನುಮಾನ ಬರುವಂಥದ್ದೇ. ನಾನು ಕೈ ಎತ್ತಿ ನಮ್ಮ ಶಾಲೆ, ಮೇಷ್ಟರು, ದಾಖಲಾತಿ ಎಲ್ಲ ಹೇಳಿದೆ. ತರಬೇತುದಾರರು ಪೂರ್ತಿ ಕೇಳಿ, ಇಲ್ಲಿ ಪುರಾವೆಯ ಅಳತೆ ಯಾವುದು ಹೆಚ್ಚು ಸಂಭವ ಎಂಬುದೇ ಹೊರತು ಸಂಶಯಕ್ಕೆ ಎಡೆಯೇ ಇಲ್ಲದ ಖಚಿತತೆಯಲ್ಲ ಎಂದು ನೆನಪಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಹೇಳಿದ್ದನ್ನು ತೀರ್ಮಾನದ ಟಿಪ್ಪಣಿಯಲ್ಲಿ ಎಲ್ಲಿ ಬರೆದಿದ್ದೀರಿ?" ಎಂದು ಕೇಳಿದರು.

ಬರೆದಿರಲಿಲ್ಲ. ಪೆನ್ನು ತೆಗೆದುಕೊಂಡೆ.