ಪಂಪು ಕೆಟ್ಟಿರಲಿಲ್ಲ

9 ಮಾರ್ಚ್ 2025, ಭಾನುವಾರ

ಎಂಟು ದಿನಗಳಿಂದ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಎಸ್ಪ್ರೆಸೊ ಯಂತ್ರ ಇಂದು ಸಂಜೆ ಮತ್ತೆ ಕಾಫಿ ಇಳಿಸಿತು. ಇದಕ್ಕಾಗಿ ನಾನು ಕೊಂಡದ್ದು ಸೋರಿಕೆ ತಡೆಯುವ ಒಂದು ರಬ್ಬರ್ ಉಂಗುರ, ಅಂದರೆ ಗ್ಯಾಸ್ಕೆಟ್, ಮತ್ತು ಒಂದು ಪೊಟ್ಟಣ ಸಿಟ್ರಿಕ್ ಆಮ್ಲ, ಇವೆರಡನ್ನೇ. ದುರಸ್ತಿಯವರೊಬ್ಬರು ಲಕ್ಷಣ ಕೇಳಿದೊಡನೆ ಪಂಪು ಹೋಗಿದೆ, ಬದಲಿಸಲೇಬೇಕು ಎಂದಿದ್ದರು. ಅವರ ಮಾತಿನಂತೆ ಪಂಪು ತರಿಸಿದ್ದರೆ ಈ ತಿಂಗಳು ಇದಕ್ಕೆಂದು ಎತ್ತಿಟ್ಟ ಅಲ್ಪ ಹಣವೂ ಮುಗಿದು, ಯಂತ್ರ ಮಾತ್ರ ಇದ್ದ ಹಾಗೆಯೇ ಇರುತ್ತಿತ್ತು.

ಗುಂಡಿ ಒತ್ತಿದರೆ ಪಂಪು ಗುಂಯ್ ಎನ್ನುತ್ತಿತ್ತು, ಆದರೆ ಕಾಫಿಪುಡಿಯ ಹಿಡಿಕೆಯನ್ನು ಸಿಕ್ಕಿಸುವ ಗ್ರೂಪ್ ಹೆಡ್‌ನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಯಾವ ಸ್ಕ್ರೂವನ್ನೂ ಬಿಚ್ಚುವ ಮೊದಲು ನೀರು ಎಲ್ಲಿಯವರೆಗೆ ತಲುಪುತ್ತಿದೆ ಎಂದು ನೋಡಿಬಿಡೋಣವೆಂದು ಹಬೆಯ ನಳಿಕೆಯನ್ನು ತೆರೆದು ಪಂಪು ಓಡಿಸಿದೆ. ಬಿಸಿನೀರು ಧಾರೆಯಾಗಿ ಬಂತು. ಅಂದರೆ ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಬಾಯ್ಲರಿಗೆ ದಾರಿ ಸಲೀಸಾಗಿದೆ. ನಳಿಕೆ ಮುಚ್ಚಿ ಮತ್ತೆ ಓಡಿಸಿದಾಗ ಸದ್ದು ಭಾರವಾಯಿತು. ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರೆ, ಒತ್ತಡ ಮಿತಿ ಮೀರಿದಾಗ ನೀರನ್ನು ಹಿಂದಕ್ಕೆ ಬಿಡುವ ಕವಾಟದ ಸಣ್ಣ ಕೊಳವೆಯಿಂದ ನೀರು ಟ್ಯಾಂಕಿಗೇ ಮರಳಿ ಸುರಿಯುತ್ತಿತ್ತು. ಸತ್ತ ಪಂಪಿಗೆ ಆ ಕವಾಟದ ಬಿಗಿ ಸ್ಪ್ರಿಂಗನ್ನು ತಳ್ಳಿ ತೆರೆಯುವ ಶಕ್ತಿ ಎಲ್ಲಿಂದ ಬಂದೀತು? ಇಂಥ ಕಂಪನ ಪಂಪುಗಳಲ್ಲಿ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಪಿಸ್ಟನ್ ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಓಡುತ್ತದೆ; ಆ ಓಟದಲ್ಲಿ ಯಾವ ಕೊರತೆಯೂ ಇರಲಿಲ್ಲ. ಹಾಗಾಗಿ ಅಡ್ಡಿ ಇದ್ದದ್ದು ಬಾಯ್ಲರಿಗೂ ಗ್ರೂಪ್ ಹೆಡ್‌ಗೂ ನಡುವೆ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ಕವಾಟದಲ್ಲಿ.

ಅದರ ಸೂಚನೆ ತಿಂಗಳ ಹಿಂದೆಯೇ ಸಿಕ್ಕಿತ್ತು, ನಾನು ಗಮನಿಸಲಿಲ್ಲ. ಕಾಫಿ ಇಳಿದು ಮುಗಿದೊಡನೆ ಈ ಕವಾಟ ಉಳಿದ ಒತ್ತಡವನ್ನು ಕೆಳಗಿನ ತಟ್ಟೆಗೆ ಬಿಡುವಾಗ ಕೇಳುತ್ತಿದ್ದ ಫಸ್ ಎಂಬ ಸದ್ದು ದಿನದಿಂದ ದಿನಕ್ಕೆ ಕ್ಷೀಣಿಸಿತ್ತು. ಒಣ ಬಿಲ್ಲೆಯಂತೆ ಉದುರಬೇಕಿದ್ದ ಚರಟ ಕೆಸರಾಗಿ ಹಿಡಿಕೆಯೊಳಗಿನ ಪುಡಿಯ ಬುಟ್ಟಿಗೆ ಅಂಟಿಕೊಳ್ಳುತ್ತಿತ್ತು. ಒತ್ತಡ ಹೊರಬೀಳುವಾಗ ನುಣ್ಣನೆಯ ಕಾಫಿಪುಡಿಯೂ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಆದ್ದರಿಂದಲೇ ತೂತಿಲ್ಲದ ಬುಟ್ಟಿ ಹಾಕಿ ಆಗಾಗ ಹಿಮ್ಮುಖವಾಗಿ ತೊಳೆಯಬೇಕು. ಆ ಕೆಲಸವನ್ನು ನಾನು ತಿಂಗಳುಗಟ್ಟಲೆ ಮಾಡಿರಲಿಲ್ಲ.

ಪ್ಲಗ್ ಕಿತ್ತು, ಬಾಯ್ಲರ್ ಪೂರ್ತಿ ತಣ್ಣಗಾಗುವವರೆಗೆ ಕಾದು, ಪ್ರತಿಯೊಂದು ತಂತಿ ಎಲ್ಲಿತ್ತೆಂದು ಫೋಟೋ ತೆಗೆದುಕೊಂಡೇ ಕೆಲಸಕ್ಕೆ ಕೈಹಚ್ಚಿದೆ. ಕವಾಟವನ್ನು ನಡೆಸುವ ವಿದ್ಯುತ್ ಸುರುಳಿಯ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದಾಗ ಸ್ಥಿರವಾದ ರೋಧ ತೋರಿಸಿತು, ತಂತಿ ತುಂಡಾಗಿಲ್ಲ. ನಟ್ಟು ಸಡಿಲಿಸಿ ಸುರುಳಿಯನ್ನು ಜಾರಿಸಿದ ಮೇಲೆ ಹಿತ್ತಾಳೆಯ ಕವಾಟ ಕೈಗೆ ಬಂತು. ಒಳಗೆ ಕಿರುಬೆರಳಿನ ತುದಿಯಷ್ಟು ಉದ್ದದ ಉಕ್ಕಿನ ಪ್ಲಂಜರ್ (ಸರಿದಾಡಿ ತೂತನ್ನು ಮುಚ್ಚಿ ತೆರೆಯುವ ಕಡ್ಡಿ), ಒಂದು ತೆಳು ಸ್ಪ್ರಿಂಗ್. ಪ್ಲಂಜರ್ ಬಂದು ಕೂರುವ ಜಾಗದ ತೂತು ಕಾಣಿಸಲೇ ಇಲ್ಲ. ಟಾರ್ಚ್ ಹಿಡಿದು ನೋಡಿದರೆ ಬೂದುಬಣ್ಣದ ಸುಣ್ಣದ ಹಕ್ಕಳೆಯ ನಡುವೆ ಡಾಂಬರಿನಂಥ ಕಪ್ಪು ಬಿರಡೆಯೊಂದು ಗಟ್ಟಿಯಾಗಿ ಕೂತಿತ್ತು.

ಅರ್ಧ ಲೀಟರ್ ಬಿಸಿನೀರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ರಬ್ಬರ್ ಉಂಗುರಗಳನ್ನು ಬೇರೆ ತೆಗೆದಿಟ್ಟು, ಲೋಹದ ಭಾಗಗಳನ್ನಷ್ಟೇ ಮುಳುಗಿಸಿದೆ. ಸುಣ್ಣ ಬುರುಬುರು ನೊರೆಯೆದ್ದು ಕರಗಿತು, ಕಪ್ಪು ಬಿರಡೆ ಮಾತ್ರ ಅಲ್ಲಾಡಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಹೊಳೆಯಿತು: ಅದು ಕಾಫಿಯ ಎಣ್ಣೆ, ಅದಕ್ಕೆ ಬೇಕಾದದ್ದು ಆಮ್ಲವಲ್ಲ, ಕ್ಷಾರ. ಚೆನ್ನಾಗಿ ತೊಳೆದು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿಗೆ ಹಾಕಿದಾಗ ನೀರು ಕಂದಾಗತೊಡಗಿತು. ಸೂಜಿ ತಾಗಿದರೆ ಪ್ಲಂಜರ್ ಕೂರುವ ಅಂಚಿಗೆ ಗೀರು ಬಿದ್ದು ಕವಾಟ ಜೀವನಪೂರ್ತಿ ಸೋರೀತೆಂಬ ಭಯದಿಂದ ಮರದ ಹಲ್ಲುಕಡ್ಡಿಯಿಂದಲೇ ಮೆಲ್ಲಗೆ ಚುಚ್ಚಿದೆ. ಬಿರಡೆ ಇಡಿಯಾಗಿ ಕಳಚಿ ಬಿತ್ತು. ಕವಾಟವನ್ನು ಬೆಳಕಿಗೆ ಹಿಡಿದಾಗ ಆ ತೂತಿನಲ್ಲಿ ಕಂಡ ಪುಟ್ಟ ಬೆಳಕಿನ ಚುಕ್ಕೆ ಕೊಟ್ಟ ಸಂತೋಷ ಅಷ್ಟಿಷ್ಟಲ್ಲ.

ಹಿಡಿಕೆ ಬಂದು ಒತ್ತಿ ಕೂರುವ ಹಳೆಯ ಗ್ಯಾಸ್ಕೆಟ್ ಇದ್ದಿಲಿನಂತೆ ಗಟ್ಟಿಯಾಗಿತ್ತು. ಅದರೊಳಕ್ಕೇ ಒಂದು ಸ್ಕ್ರೂ ತಿರುಗಿಸಿ ಇಕ್ಕಳದಿಂದ ಎಳೆದೆ. ನಾಲ್ಕು ತುಂಡಾಗಿ ಬಂತು. ತುಂಡುಗಳನ್ನು ಜೋಡಿಸಿಟ್ಟು ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಅಳೆದ ಮೇಲೆಯೇ ಹೊಸದನ್ನು ತರಿಸಿದ್ದೆ. ದಪ್ಪದಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಹಿಡಿಕೆ ಸರಿಯಾದ ಜಾಗದಲ್ಲಿ ಬಿಗಿಯಾಗುವುದಿಲ್ಲ.

ಇಂದು ಎಲ್ಲವನ್ನೂ ಮರುಜೋಡಿಸಿ, ಪ್ಲಗ್ಗಿನ ಅರ್ಥ್ ಪಿನ್ನಿಗೂ ಲೋಹದ ಮೈಗೂ ಮಲ್ಟಿಮೀಟರ್ ಹಿಡಿದು ಸಂಪರ್ಕ ಸರಿಯಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ವಿದ್ಯುತ್ ಕೊಟ್ಟೆ. ಮೊದಲ ಎರಡು ಟ್ಯಾಂಕು ನೀರನ್ನು ಸುಮ್ಮನೆ ಹರಿಯಬಿಟ್ಟು, ಕೀಲುಗಳಿಗೆ ಒಣ ಕಾಗದ ಒತ್ತಿ ನೋಡಿದೆ, ಎಲ್ಲಿಯೂ ತೇವವಿಲ್ಲ. ನಂತರ 18 ಗ್ರಾಂ ಪುಡಿ ಹಾಕಿದೆ. 29 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಯಿತು. ಗುಂಡಿ ಆರಿಸಿದೊಡನೆ ಫಸ್ ಎಂದು ಒತ್ತಡ ತಟ್ಟೆಗೆ ಬಿತ್ತು, ಚರಟ ಒಂದೇ ತಟ್ಟಿಗೆ ಬಿಲ್ಲೆಯಾಗಿ ಉದುರಿತು. ಗ್ಯಾಸ್ಕೆಟ್ಟಿನ ಮೂರು ಅಳತೆಗಳನ್ನೂ ಇಂದಿನ ತಾರೀಖನ್ನೂ ಬರೆದು ಕವಚದ ಒಳಬದಿಗೆ ಅಂಟಿಸಿದ್ದೇನೆ.