ಲಟ್ ಪ್ಯಾಕ್ ಕೊಳ್ಳುವ ಮೊದಲು ಮುಖದ ಬಣ್ಣ ನೋಡಿ

ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗರು ನನ್ನನ್ನು ಜಾಸ್ತಿ ಕೇಳೋದು ಒಂದೇ: ಯಾವ ಲಟ್ (LUT, ಅಂದರೆ ವಿಡಿಯೋದ ಬಣ್ಣವನ್ನು ಒಂದೇ ಏಟಿಗೆ ಬದಲಿಸುವ ಸಿದ್ಧ ಫೈಲ್) ಪ್ಯಾಕ್ ತಗೊಳ್ಳಲಿ, ಯಾವ ಪ್ಲಗಿನ್ ಹಾಕಲಿ? ಸದ್ಯಕ್ಕೆ ಯಾವುದೂ ಬೇಡ ಅಂತೀನಿ. ಬಣ್ಣ ತಿದ್ದುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಒಂದು ಕಾಲಕ್ಕೆ ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಎಟುಕುತ್ತಿತ್ತು. 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಅದನ್ನು ಕೊಂಡಿತು, 2011ರಲ್ಲಿ ಉಚಿತ ಆವೃತ್ತಿಯನ್ನೂ ಬಿಟ್ಟಿತು. ನಮ್ಮ ಕೆಲಸಕ್ಕೆ ಬೇಕಾದ ಬಹುಪಾಲು ಆ ಉಚಿತ ಆವೃತ್ತಿಯಲ್ಲೇ ಇದೆ.

ಪ್ಯಾಕ್‌ಗಳಲ್ಲಿ ಬರುವ ಆರೆಂಜ್-ಟೀಲ್ ಲುಕ್ ನಮ್ಮ ಮದುವೆಗೆ ಹೊಂದುವುದೇ ಇಲ್ಲ. ಅದು ನೆರಳನ್ನೂ ಹಸಿರನ್ನೂ ನೀಲಿ ಕಡೆಗೆ ಎಳೆಯುತ್ತದೆ. ಚಪ್ಪರದ ಮಾವಿನ ತೋರಣ, ಬಾಳೆಕಂದು, ಹಸಿರು ಗಾಜಿನ ಬಳೆ ಎಲ್ಲಾ ಸತ್ತ ಬಣ್ಣಕ್ಕೆ ತಿರುಗುತ್ತವೆ. ಧಾರೆ ಸೀರೆಯ ಕೆಂಪು ಸಿಡಿದು ಜರಿಯ ಗೆರೆಗಳೇ ಕಾಣುವುದಿಲ್ಲ. ಎಷ್ಟು ದುಡ್ಡು ಕೊಟ್ಟು, ಎಷ್ಟು ಅಂಗಡಿ ಅಲೆದು ಆರಿಸಿದ ಸೀರೆ ಅದು!

ಸೋನಿ ಕ್ಯಾಮೆರಾದಲ್ಲಿ ಎಸ್-ಲಾಗ್3 (ಮಂಕಾಗಿ ಕಂಡರೂ ಬೆಳಕಿನ ವಿವರ ಹೆಚ್ಚು ಉಳಿಸುವ ಮೋಡ್) ಶೂಟ್ ಮಾಡಿದ್ದರೆ ಮೊದಲು ರಿಸಾಲ್ವ್‌ನ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಹಾಕಿ ರೆಕ್ 709ಕ್ಕೆ, ಅಂದರೆ ಸಾಮಾನ್ಯ ಟಿವಿಯ ಬಣ್ಣಕ್ಕೆ ತನ್ನಿ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ತಿದ್ದುವ ನೋಡ್ (ರಿಸಾಲ್ವ್‌ನಲ್ಲಿ ಒಂದರ ನಂತರ ಒಂದು ಜೋಡಿಸುವ ತಿದ್ದುಪಡಿಯ ಹಂತ) ಅದಕ್ಕಿಂತ ಮುಂಚೆ ಇರಲಿ. ಲಟ್ ಬಳಸಿದರೂ ಇದೇ ಕ್ರಮ, ಯಾಕೆಂದರೆ ಲಟ್ ಒಮ್ಮೆ ಹೈಲೈಟ್ (ತುಂಬಾ ಹೊಳೆಯುವ ಭಾಗ) ಕತ್ತರಿಸಿ ಹಾಕಿದರೆ ಅದರ ನಂತರದ ನೋಡ್‌ನಲ್ಲಿ ನೀವು ಗೇನ್, ಅಂದರೆ ಆ ಭಾಗದ ಬೆಳಕು, ಎಷ್ಟು ಇಳಿಸಿದರೂ ಬರೀ ಬೂದು ಬಣ್ಣ ಸಿಗುತ್ತದೆ, ಹೋದ ವಿವರ ವಾಪಸ್ ಬರುವುದಿಲ್ಲ.

ಆಮೇಲೆ ಮುಖ. ಒಂದು ಪವರ್ ವಿಂಡೋದಲ್ಲಿ (ಚಿತ್ರದ ಒಂದು ಭಾಗವನ್ನಷ್ಟೇ ಆರಿಸುವ ಚೌಕಟ್ಟು) ಕೆನ್ನೆ, ಹಣೆ ಮಾತ್ರ ಹಿಡಿದು ವೆಕ್ಟರ್‌ಸ್ಕೋಪ್ ನೋಡಿ. ಬಣ್ಣ ಯಾವ ಕಡೆಗಿದೆ ಅಂತ ತೋರಿಸುವ ದುಂಡು ನಕ್ಷೆ ಅದು, ಅದರಲ್ಲಿ ಚರ್ಮದ ಬಣ್ಣಕ್ಕೇ ಒಂದು ಗೆರೆ ಇರುತ್ತದೆ. ಬೆಳ್ಳಗಿರಲಿ, ಕಪ್ಪಗಿರಲಿ, ಚರ್ಮ ಹೆಚ್ಚುಕಡಿಮೆ ಆ ಸ್ಕಿನ್ ಟೋನ್ ಗೆರೆಯ ಹತ್ತಿರವೇ ಬೀಳುತ್ತದೆ. ದೊಡ್ಡ ವ್ಯತ್ಯಾಸ ಇರುವುದು ಬೆಳಕಿನ ಮಟ್ಟದಲ್ಲಿ. ಹಾಗಾಗಿ ವಧುವನ್ನು ಬೆಳ್ಳಗೆ ಮಾಡಿ ಅಂತ ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ. ಕಂದು ಮುಖಕ್ಕೆ ಅದರದೇ ಹೊಳಪಿದೆ. ಮಿಡ್‌ಟೋನ್ (ನಡು ಬೆಳಕಿನ ಭಾಗ) ಎತ್ತಿ ಎತ್ತಿ ಅದನ್ನು ಬೂದಿ ಬಳಿದಂತೆ ಮಾಡಬಾರದು ಅಲ್ವಾ?

ಅರಿಶಿನ ಶಾಸ್ತ್ರದಲ್ಲಿ ಮಾತ್ರ ಆ ಗೆರೆಯನ್ನು ನಂಬಬೇಡಿ. ಅಲ್ಲಿ ಮುಖ ನಿಜವಾಗಿಯೂ ಹಳದಿ, ಸ್ಕೋಪ್‌ನಲ್ಲೂ ಹಳದಿ ಕಡೆಗೇ ವಾಲುತ್ತದೆ, ಅದನ್ನು ತಿದ್ದಿ ಗೆರೆಗೆ ತಂದರೆ ಶಾಸ್ತ್ರದ ಬಣ್ಣವೇ ಹೋಯಿತು. ಪಕ್ಕದಲ್ಲಿ ನಿಂತವರ ಬಿಳಿ ಪಂಚೆ ಹಿಡಿದು ಪರೇಡ್‌ನಲ್ಲಿ (ಮೂರು ಬಣ್ಣದ ಮಟ್ಟವನ್ನು ಅಕ್ಕಪಕ್ಕ ತೋರಿಸುವ ಸ್ಕೋಪ್) ಕೆಂಪು, ಹಸಿರು, ನೀಲಿ ಸಮ ಮಾಡಿ ಸಾಕು.

ರಿಸೆಪ್ಶನ್‌ನ ನೇರಳೆ ಎಲ್‌ಇಡಿ ದೀಪ ದೊಡ್ಡ ತಲೆನೋವು. 8 ಬಿಟ್ ಫುಟೇಜ್‌ನಲ್ಲಿ ಒಂದೊಂದು ಚಾನೆಲ್‌ಗೆ, ಅಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ, ಬೆಳಕಿನ 256 ಮೆಟ್ಟಿಲು ಮಾತ್ರ, 10 ಬಿಟ್‌ನಲ್ಲಿ 1024. ಯಾವುದರಲ್ಲೇ ಆಗಲಿ, ಆ ದೀಪಕ್ಕೆ ನೀಲಿ ಚಾನೆಲ್ ಕೊನೆಯ ಮೆಟ್ಟಿಲು ಮುಟ್ಟಿ ತುಂಬಿ ಹೋದ ಮೇಲೆ ಯಾವ ಪ್ಲಗಿನ್ನೂ ಮುಖ ಉಳಿಸುವುದಿಲ್ಲ. ಶೂಟ್ ದಿನವೇ ಲೈಟಿಂಗ್‌ನವರಿಗೆ ಹೇಳಿ, ವೇದಿಕೆಗೆ ಮುಂದಿನಿಂದ ಒಂದು ಸಾದಾ ಬಿಳಿ ಲೈಟ್ ಹಾಕಿಸಿಕೊಳ್ಳಿ.

ದುಡ್ಡು ಹಾಕುವುದೇ ಆದರೆ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳುಕಾಳು ಚುಕ್ಕೆ, ತೆಗೆಯುವುದಕ್ಕೆ ಹಾಕಿ. ಮಂದ ಬೆಳಕಿನ ಛತ್ರದಲ್ಲಿ ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಲೇಬೇಕು, ಆಗ ನಾಯ್ಸ್ ಕಾಣುತ್ತದೆ. ರಿಸಾಲ್ವ್‌ನ ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ ನಾಯ್ಸ್ ರಿಡಕ್ಷನ್ ಇದೆ, ಉಚಿತದಲ್ಲಿ ಹಾಕಿದರೆ ವಾಟರ್‌ಮಾರ್ಕ್ ಬರುತ್ತದೆ. ನೀಟ್ ವಿಡಿಯೋ ಪ್ಲಗಿನ್ ಕೂಡ ಒಳ್ಳೆಯದು. ಯಾವುದೇ ಆಗಲಿ, ಮೊದಲ ನೋಡ್‌ನಲ್ಲೇ ಹಾಕಿ. ಕಾಂಟ್ರಾಸ್ಟ್ ಏರಿಸಿದ ಮೇಲೆ ಹಾಕಿದರೆ ನಾಯ್ಸೂ ಅದರ ಜೊತೆ ಏರಿರುತ್ತದೆ, ಆಗ ಅದನ್ನು ಒರೆಸಲು ಹೋಗಿ ಮುಖ ಮೇಣದ ಗೊಂಬೆ ಆಗುತ್ತದೆ.